ಅರಿಶಿಣವಿಲ್ಲದ ಬೇಳೆ

ನಮ್ಮ ಅತ್ತೆಯ ತಲೆಯಲ್ಲಿ ಒಂದು ಮಾತು ಹೊಕ್ಕಿತೆಂದರೆ ಊರ ಹಿರಿಯರೆಲ್ಲ ಕೂತು ಪಂಚಾಯಿತಿ ಮಾಡಿದರೂ ಅದು ಹೊರಗೆ ಬರುವುದಿಲ್ಲ. ಅವರು ಅಳವಂಡಿ ಕಡೆಯಿಂದ ಗಂಗಾವತಿಗೆ ಸೊಸೆಯಾಗಿ ಬಂದವರು. ಅದೇ ಮನೆಗೆ ನಾನು ಯಲಬುರ್ಗಾದಿಂದ ಬಂದೆ. ಹಟದಲ್ಲಿ ನಾನೂ ಏನು ಕಡಿಮೆಯವಳಲ್ಲ. ಅದಕ್ಕೇ ಇರಬೇಕು, ನನ್ನ ಗಂಡ ಮನೆಗಿಂತ ತಾವು ದುಡಿಯುವ ಅಕ್ಕಿ ಗಿರಣಿಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದರು.

ಬಸುರಿಯಾದ ಹೊಸತರಲ್ಲಿ ರಕ್ತ ತಪಾಸಣೆ ಮಾಡಿಸಿದಾಗ ನನಗೆ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ಜ್ವರವಿರಲಿಲ್ಲ, ಕಣ್ಣು ಹಳದಿಯಾಗಿರಲಿಲ್ಲ, ಖಾರದ ಮಿರ್ಚಿ ತಿಂದು ಆರಾಮಾಗಿ ಅರಗಿಸಿಕೊಳ್ಳುತ್ತಿದ್ದೆ. ಡಾಕ್ಟರಮ್ಮ ಸಮಾಧಾನದಿಂದ ಬಿಡಿಸಿ ಹೇಳಿದರು. ಈ ವೈರಸ್ಸು ಲಿವರಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಹೆರಿಗೆಯಲ್ಲಿ ಅದು ಕೂಸಿಗೆ ದಾಟದಂತೆ ನೋಡಿಕೊಳ್ಳಬೇಕು. ಏಳನೇ ತಿಂಗಳಿಂದ ದಿನಾ ಒಂದು ಗುಳಿಗೆ ತಪ್ಪದೆ ನುಂಗಬೇಕು, ಹುಟ್ಟಿದ ಕೂಡಲೇ ಕೂಸಿಗೆ ಎರಡು ಇಂಜೆಕ್ಷನ್ ಆಗಬೇಕು. ಉಳಿದ ಲಸಿಕೆಗಳೂ ಮುಗಿದು, ಕೂಸಿಗೆ ವರ್ಷ ತುಂಬಿದ ಮೇಲೆ ರಕ್ತ ನೋಡಿದರೆ ದಾಟಿದೆಯೋ ಇಲ್ಲವೋ ತಿಳಿಯುತ್ತದೆ. ಅಂದಿನಿಂದ ನನಗಿದ್ದದ್ದು ಅದೊಂದೇ ಭಯ.

ಪಕ್ಕದಲ್ಲಿದ್ದ ಅತ್ತೆಗೆ ಕೇಳಿಸಿದ್ದು ಲಿವರ್ ಎಂಬ ಒಂದು ಮಾತು ಮಾತ್ರ.

"ಲಿವರ್ ಅಂದ್ರ ಕಾಮಣೀನ ಅಲ್ಲೇನ್ರಿ?" ಎಂದು ಕಾಮಾಲೆಯ ಹೆಸರೆತ್ತಿದರು.

"ಇದು ಆ ಕಾಮಣಿ ಅಲ್ರಿ ಅಮ್ಮ. ಎಣ್ಣಿ, ಅರಿಶಿಣ ಏನೂ ಬಿಡೋದು ಬ್ಯಾಡ. ಗಿಡಮೂಲಿಕಿ ಔಷಧ ಮಾತ್ರ ಕುಡಸಬ್ಯಾಡ್ರಿ. ಗುಳಿಗಿ ಒಂದಿನಾನೂ ತಪ್ಪಬಾರ್ದು."

"ಮತ್ತ ಎಲ್ಲಾರೂ ಒಂದ ತಾಟಿನ್ಯಾಗ ಉಂಡ್ರ ನಡೀತೈತೇನ್ರಿ?"

"ಧಾರಾಳ ಉಣ್ರಿ, ಅದರಿಂದ ಏನೂ ಆಗಂಗಿಲ್ಲ."

ಅತ್ತೆ ತಲೆಯಾಡಿಸಿದರು. ಮರುದಿನ ಊಟಕ್ಕೆ ಬಂದ ಬೇಳೆ ಬೆಳ್ಳಗಿತ್ತು. ನಮ್ಮ ಕಡೆ ಕಾಮಣಿಯಾದರೆ ಸೊಪ್ಪಿನ ರಸ ಕುಡಿಸಿ ಅರಿಶಿಣ ಬಿಡಿಸುವ ಪಥ್ಯ ಹಿಡಿಯುತ್ತಾರೆ. ಹಳದಿ ಹತ್ತಿದವರಿಗೆ ಮತ್ತೆ ಹಳದಿ ತಿನ್ನಿಸಬಾರದು ಎಂಬುದು ಅದರ ಲೆಕ್ಕ. ಚುರುಮುರಿಯ ಮಂಡಾಳ ಒಗ್ಗರಣೆಯೂ ಬೆಳ್ಳಗಾಯಿತು, ಚಿತ್ರಾನ್ನ ಮೊಸರನ್ನದಂತೆ ಕಾಣತೊಡಗಿತು.

"ಯವ್ವಾ, ಇದು ದವಾಖಾನಿ ಊಟ ಆತಲ್ಲ. ಡಾಕ್ಟರು ಬ್ಯಾಡ ಅಂದಿಲ್ಲಂತ," ಎಂದು ಗಂಡ ಗೊಣಗಿದರು.

"ಗುಳಿಗಿ ಡಾಕ್ಟರಂದು, ಅರಿಶಿಣ ನಂದು. ಕೂಸು ಪಾರಾಗೋತನಕ ಈ ಮನ್ಯಾಗ ಅರಿಶಿಣ ಕುದಿಯಂಗಿಲ್ಲ," ಎಂದರು ಅತ್ತೆ.

ನನಗೆ ಮೈಯೆಲ್ಲ ಉರಿಯಿತು. ಡಾಕ್ಟರು ಹೇಳಿದ್ದನ್ನು ಎದುರಿಗೇ ಕೇಳಿಸಿಕೊಂಡು ಹೀಗೆ ಮಾಡುವುದೆಂದರೆ ಏನರ್ಥ? ಆದರೆ ಏಳನೇ ತಿಂಗಳಲ್ಲಿ ಗುಳಿಗೆ ಶುರುವಾದ ದಿನದಿಂದ ನೀರಿನ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದವರೂ ಅವರೇ. ನಾನು ನುಂಗಿ ಬಾಯಿ ತೆರೆದು ತೋರಿಸುವವರೆಗೂ ಆ ಹೆಂಗಸು ಅಲ್ಲಿಂದ ಕದಲುತ್ತಿರಲಿಲ್ಲ. ಅಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಹಿಡಿಯಲಾದೀತು?

ಸೀಮಂತದ ಕುಬಸದ ದಿನ ಹೆಂಗಸರು ಅರಿಶಿಣ ಹಚ್ಚಲು ಬಂದಾಗ ಅತ್ತೆ ನನ್ನ ಪಕ್ಕದಲ್ಲೇ ಕಾವಲು ಕೂತರು. "ಕೆನ್ನಿಗೆ ಹಚ್ಚ್ರಿ ಬೇಕಾದಷ್ಟು, ಬಾಯಿ ಕಡೆ ತರಬ್ಯಾಡ್ರಿ," ಎಂದು ಎಲ್ಲರಿಗೂ ಹೇಳಿದರು. ನಾನು ನಕ್ಕು ನಕ್ಕು ಸಾಕಾದೆ.

ಚೊಚ್ಚಲ ಹೆರಿಗೆಗೆಂದು ಯಲಬುರ್ಗಾದ ತವರಿಗೆ ಹೋದೆ. ಅಲ್ಲಿ ನನ್ನ ಅವ್ವ ಸುದ್ದಿ ಕೇಳಿದಾಗಿನಿಂದ ಸೊಪ್ಪಿನ ಔಷಧ ಕೊಡುವವರನ್ನು ಗೊತ್ತು ಮಾಡಿಟ್ಟಿದ್ದಳು. ಆ ಔಷಧ ಕುಡಿಯುವ ಮುಂಚೆ ಬೇರೆ ಗುಳಿಗೆ ಮುಟ್ಟಬಾರದಂತೆ. ಒಂದು ಸಂಜೆ ನೋಡುತ್ತೇನೆ, ನನ್ನ ಗುಳಿಗೆಯ ಡಬ್ಬಿಯೇ ಇಲ್ಲ. ಕೇಳಿದರೆ ಅವ್ವ, "ಇರ್ಲಿ ಬಿಡು, ಔಷಧ ಆಗೋತನಕ ನಾ ಇಟ್ಟೀನಿ," ಎಂದಳು. ಕೂಗಾಡಿದೆ, ಕಣ್ಣೀರು ಹಾಕಿದೆ. ನಿನ್ನ ಒಳ್ಳೆಯದಕ್ಕೇ ಮಾಡುತ್ತಿದ್ದೇನೆಂದು ಅವಳೂ ಅತ್ತಳು, ಡಬ್ಬಿ ಮಾತ್ರ ಕೊಡಲಿಲ್ಲ. ಅಷ್ಟರಲ್ಲಿ ಅತ್ತೆಯ ಫೋನು ಬಂತು. ದಿನಾ ಆ ಹೊತ್ತಿಗೆ ಅವರು ಕೇಳುತ್ತಿದ್ದದ್ದು "ಗುಳಿಗಿ ಆತಾ?" ಎಂದು ಮಾತ್ರ. ಅವ್ವ ಡಬ್ಬಿ ಬಚ್ಚಿಟ್ಟದ್ದನ್ನು ನಾನು ಬಿಕ್ಕುತ್ತಲೇ ಹೇಳಿದೆ, ಅವರು ಫೋನಿಟ್ಟರು.

ಮರುದಿನ ಬೆಳಗಿನ ಮೊದಲ ಬಸ್ಸು ಹಿಡಿದು ಬಂದೇಬಿಟ್ಟರು. ಬೀಗತಿಯರ ಜಗಳ ನೋಡಬೇಕಲ್ಲಪ್ಪಾ ಎಂದುಕೊಂಡೆ. ಅತ್ತೆ ಕಾಲು ತೊಳೆದು ಒಳಗೆ ಬಂದು ಅವ್ವನ ಪಕ್ಕ ಕೂತರು.

"ಬೀಗತಿ, ನಾನೂ ನಿಮ್ಮಂಗ ದಡ್ಡೀನ ಅದೀನ್ರಿ. ಡಾಕ್ಟರು ಬ್ಯಾಡ ಅಂದ್ರೂ ಅರಿಶಿಣ ಬಿಡಿಸೀನಿ. ಆದ್ರ ಗುಳಿಗೀಗೆ ಕೈ ಹಚ್ಚಿಲ್ಲ. ನಿಮಗ ಜೀವ ತಡೀಲಿಲ್ಲಂದ್ರ ನೀವೂ ಏನಾರ ಬಿಡ್ರಿ. ಗುಳಿಗಿ ಕೊಟ್ಟುಬಿಡ್ರಿ."

ಅವ್ವ ಎದ್ದು ಜೋಳದ ಡಬ್ಬಿಯೊಳಗೆ ಕೈ ಹಾಕಿ ಗುಳಿಗೆ ತೆಗೆದುಕೊಟ್ಟಳು. "ನಾ ಎಲಿಅಡಿಕಿ ಬಿಡ್ತೀನ್ರಿ," ಎಂದಳು. ಎಲೆಅಡಿಕೆ ಇಲ್ಲದೆ ಅವ್ವನಿಗೆ ಉಂಡದ್ದು ಉಂಡಂತೆಯೇ ಆಗುತ್ತಿರಲಿಲ್ಲ. ಸೊಪ್ಪಿನ ಔಷಧದ ಮಾತು ಅಲ್ಲಿಗೇ ಮುಗಿಯಿತು. ಡಾಕ್ಟರಮ್ಮನಿಗೆ ಫೋನು ಮಾಡಿದೆ. ಗಾಬರಿ ಬೇಡ, ಇವತ್ತಿನದು ಈಗಲೇ ನುಂಗು, ಇನ್ನು ತಪ್ಪಿಸಬೇಡ ಎಂದರು.

ಕೊಪ್ಪಳದ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ಹೆಣ್ಣೋ ಗಂಡೋ ಎಂದು ಕೇಳುವ ಮೊದಲು ಅತ್ತೆ ನರ್ಸಿಗೆ, "ಎರಡೂ ಇಂಜೆಕ್ಷನ್ ಆದೂವೇನ್ರಿ?" ಎಂದು ಕೇಳಿದ್ದು ಆಮೇಲೆ ಆ ವಾರ್ಡಿನಲ್ಲೆಲ್ಲ ನಗೆಮಾತಾಯಿತು. ನನಗೆ ಮಾತ್ರ ಅವತ್ತು ಅತ್ತೆಯ ಕಾಲು ಹಿಡಿಯಬೇಕೆನಿಸಿತ್ತು.

ಮಗಳಿಗೆ ವರ್ಷ ತುಂಬಿ ರಕ್ತ ತಪಾಸಣೆಗೆ ಕೊಟ್ಟ ದಿನ ನಾನು ಒಂದು ತುತ್ತೂ ಉಣ್ಣಲಿಲ್ಲ. ವೈರಸ್ ದಾಟಿಲ್ಲ, ಲಸಿಕೆಯೂ ಚೆನ್ನಾಗಿ ಹತ್ತಿದೆ ಎಂದರು ಡಾಕ್ಟರಮ್ಮ. ನನ್ನ ಲಿವರಿನ ವರದಿ ನೋಡಿ, ನಾನು ಮಾತ್ರ ಗುಳಿಗೆ ಮುಂದುವರಿಸಬೇಕು, ಬಹುಶಃ ವರ್ಷಗಟ್ಟಲೆ ಎಂದರು. ಮಗಳು ಪಾರಾಗಿದ್ದಳು, ನನಗೆ ಇನ್ನೇನು ಬೇಕಿತ್ತು? ಸುದ್ದಿ ತಿಳಿದು ಅವ್ವ ಅವತ್ತೇ ಎಲೆಅಡಿಕೆ ಹಾಕಿಕೊಂಡಳು.

ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಅರಿಶಿಣ ಕುದಿಯಿತು. ಮಗಳು ತನ್ನ ತಾಟಿನ ಹಳದಿ ಬೇಳೆಯನ್ನು ಅನುಮಾನದಿಂದ ನೋಡಿ ಬೆರಳಿಂದ ತಿವಿದಳು. ಗಂಡ ಎರಡು ಸಲ ಬಡಿಸಿಕೊಂಡರು. ಕೊನೆಗೆ ಅತ್ತೆ ತಾಟು ಹಿಡಿದು ಕೂತರು. ಒಂದು ಸಣ್ಣ ಬೋಗಣಿಯಿಂದ ತಮಗೆ ಮಾತ್ರ ಬೇಳೆ ಹಾಕಿಕೊಂಡರು. ಅದು ಬೆಳ್ಳಗಿತ್ತು.

"ಇದೇನ್ರಿ ಅತ್ತಿ?" ಎಂದು ನಾನು ದನಿ ಏರಿಸಿದೆ. "ಕೂಸು ಪಾರಾತಂತ ಹೇಳಿದ್ರಲ್ಲ ಡಾಕ್ಟರು. ಇನ್ನ್ಯಾಕ ಈ ಪಥ್ಯ?"

ಅತ್ತೆ ತಲೆ ಎತ್ತದೆ ಅನ್ನ ಕಲಸಿದರು. "ಕೂಸಿಂದು ಮುಗೀತವಾ. ನಿಂದು ಇನ್ನೂ ಐತಲ್ಲ."

ನನ್ನ ತಾಟು ಪಕ್ಕಕ್ಕೆ ಸರಿಸಿ, ಇಷ್ಟು ದಿನ ಬೈದುಕೊಂಡು ಉಂಡಿದ್ದ ಆ ಬಿಳಿ ಬೇಳೆಯನ್ನು ಅವರ ತಾಟಿನಲ್ಲೇ ಉಂಡೆ.