ಟ್ಯಾಂಕಿನ ಕೆಳಗಿನ ಸೂಡುಗಟ್ಟು

ದೆವ್ವ, ಭೂತ ಅಂದರೆ ನನಗೆ ಮೊದಲಿನಿಂದಲೂ ನಗು. ಈಗ ನಂಬುತ್ತೇನೆ ಎಂದು ತಿಳಿಯಬೇಡಿ. ಆದರೆ ಕೆಲ ವರ್ಷಗಳ ಹಿಂದೆ ಕೊಳಕೂರಿನ ನಮ್ಮ ಮನೆಯಲ್ಲಿ ನಡೆದದ್ದು ನಡೆದದ್ದೇ. ನಂಬಿಕೆ ಇಲ್ಲವೆಂದು ಅದನ್ನು ಮುಚ್ಚಿಡುವವಳೂ ನಾನಲ್ಲ.

ಗಂಡ ತೀರಿಕೊಂಡ ಮೇಲೆ ಅವರ ಮೋಟಾರ್ ಸೈಕಲ್ ಓಡಿಸಲು ಕಲಿತೆ. ಅಂದೋಲಾದ ಆಚೆ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಆ ಹಾದಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಗಾಡಿ ಹೋದರೆ ಕೆಲಸ ಹೋಯಿತು, ಆಮೇಲೆ ಮನೆಯ ಮೂಲೆಯೇ ಗತಿ. ಊರಿನವರು ಕಣ್ಣರಳಿಸಿ ನೋಡಿದರು, ನೋಡಲಿ ಎಂದೆ. ಮೈದುನ ಶರಣುಗೆ ಮಾತ್ರ ನಾನು ಗಾಡಿ ಹತ್ತುವುದು ಸರಿಬರುತ್ತಿರಲಿಲ್ಲ.

ಒಂದು ರವಿವಾರ ಸ್ಪಾರ್ಕ್ ಪ್ಲಗ್ಗಿನ ವೈರ್ ಬಿರುಕು ಬಿಟ್ಟದ್ದು ಕಂಡು, ಹೊಸದು ತಂದು ನಾನೇ ಹಾಕಿದೆ. ಟ್ಯಾಂಕ್ ಇಳಿಸಿ, ವೈರನ್ನು ಬಲಗಡೆಯಿಂದ ಹಾಯಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದೆ. ಟ್ಯಾಂಕ್ ಮತ್ತೆ ಕೂರಿಸಿ, ಬೋಲ್ಟ್ ಸಡಿಲಾದರೆ ತಿಳಿಯಲೆಂದು ಅದರ ತಲೆಗೆ ಉಗುರುಬಣ್ಣ ಬಳಿದೆ. ಗಂಡ ಹೋದ ಮೇಲೆ ಆ ಶೀಶೆ ಪೆಟ್ಟಿಗೆಯಲ್ಲಿ ಸುಮ್ಮನೆ ಒಣಗುತ್ತಿತ್ತು.

ಮರುದಿನ ಅಂದೋಲಾ ಮುಟ್ಟುವ ಮೊದಲೇ ಇಂಜಿನ್ ಜಗ್ಗಿ ಜಗ್ಗಿ ನಿಂತುಬಿಟ್ಟಿತು. ವೈರ್ ಕಾದ ಇಂಜಿನ್ನಿಗೆ ತಾಗುತ್ತಿರಬೇಕು ಅನಿಸಿತು, ಆದರೆ ಬೋಲ್ಟ್ ಬಿಚ್ಚಲು ಪಾನಾ ಇರಲಿಲ್ಲ. ಬಿಸಿಲಲ್ಲಿ ತಳ್ಳಿಕೊಂಡು ಬಂದೆ. ಶರಣು ಬಾಗಿಲಲ್ಲೇ ನಿಂತಿದ್ದ.

"ಅಣ್ಣ ನಿಮ್ಮನ್ನ ನಿಲ್ಲಸಾಕತ್ತಾನ ವೈನಿ. ಗಾಡಿ ಬಿಡ್ರಿ, ಮನ್ಯಾಗಿರ್ರಿ."

ಸಿಟ್ಟಿಗೆ ಗಾಡಿಯನ್ನು ಪಡಸಾಲೆಗೇ ತಂದು ನಿಲ್ಲಿಸಿ, ಅದರ ಪಕ್ಕದಲ್ಲೇ ಹಾಸಿಗೆ ಹಾಸಿದೆ. ಪಾನಾಗಳ ಚೀಲ ತಲೆದಿಂಬಿನ ಕೆಳಗಿತ್ತು.

ಬೆಳಿಗ್ಗೆ ಬಿಚ್ಚುವ ಮೊದಲು ಸುಮ್ಮನೆ ಒಂದು ಕಿಕ್ ಹೊಡೆದೆ. ಚಾಲೂ ಆಯಿತು. ಶಾಲೆಗೆ ಹೋಗಿ ಬಂದರೂ ಒಮ್ಮೆಯೂ ಜಗ್ಗಲಿಲ್ಲ. ಖುಷಿಯಾಗುವ ಬದಲು ತಲೆಯಲ್ಲಿ ಹುಳ ಬಿಟ್ಟಂತಾಯಿತು. ಸಂಜೆ ಅತ್ತೆ ಮತ್ತು ಶರಣು ಇಬ್ಬರ ಎದುರಿಗೇ ಬಿಚ್ಚಲು ಕೂತೆ. ಬೋಲ್ಟಿನ ಮೇಲಿನ ಬಣ್ಣ ಒಂದಿಷ್ಟೂ ಒಡೆದಿರಲಿಲ್ಲ. ಪಾನಾ ಹಾಕಿ ತಿರುವಿದ ಮೇಲೇ ಅದು ಚಕ್ಕೆಯಾಗಿ ಎದ್ದದ್ದು.

ಟ್ಯಾಂಕ್ ಎತ್ತಿದೆ. ನನ್ನ ಪ್ಲಾಸ್ಟಿಕ್ ಪಟ್ಟಿ ಇರಲಿಲ್ಲ. ವೈರ್ ಎಡಗಡೆಯಿಂದ, ಬಿಸಿ ತಾಗದಷ್ಟು ದೂರ ಹಾಯ್ದಿತ್ತು. ಅದನ್ನು ನೂಲಿನ ದಾರದಿಂದ ಕಟ್ಟಲಾಗಿತ್ತು, ಗಂಟಿಲ್ಲದೆ. ಕೊಯ್ದ ಜೋಳದ ದಂಟನ್ನು ಸೂಡು ಕಟ್ಟುವಾಗ ನಮ್ಮಲ್ಲಿ ಗಂಟು ಹಾಕುವುದಿಲ್ಲ, ತುದಿಗಳನ್ನು ಹುರಿ ಮಾಡಿ ಒಳಗೆ ಸಿಕ್ಕಿಸುತ್ತಾರೆ. ನನ್ನ ಗಂಡ ಚೀಲದ ಬಾಯಿಂದ ಹಿಡಿದು ಹಾಸಿಗೆ ಸುರುಳಿಯವರೆಗೆ ಎಲ್ಲವನ್ನೂ ಹಾಗೇ ಕಟ್ಟುತ್ತಿದ್ದರು. ಎಡಗೈಯವರಾದ್ದರಿಂದ ಅವರ ಹುರಿ ಉಲ್ಟಾ ತಿರುಗುತ್ತಿತ್ತು. ಇದೂ ಉಲ್ಟಾ ತಿರುಗಿತ್ತು.

ಅತ್ತೆ ಬೆರಳಿಂದ ಮುಟ್ಟಿ, ನನ್ನ ಮಗನ ಕೈ ಇದು ಎಂದು ಅಲ್ಲೇ ಕೂತರು. ಶರಣುವಿನ ಮುಖ ಬಿಳಚಿಕೊಂಡಿತು. ಅಣ್ಣ ಇನ್ನೂ ಗಾಡಿಯಲ್ಲೇ ಇದ್ದಾನೆ, ಇವತ್ತೇ ಮಾರಿಬಿಡೋಣ ಎಂದ. ನನಗೂ ಎದೆ ಒಡೆದುಹೋಗುವಷ್ಟು ಅಳು ಬಂದಿತ್ತು. ಆದರೂ ಹೇಳಿದೆ:

"ಬ್ಯಾಡ ಅನ್ನಾಂವ ವೈರ್ ಹರೀತಿದ್ದ ಶರಣು. ಇದು ಸುಡಬಾರದಂತ ಕಟ್ಟ್ಯಾದ. ಗಾಡಿ ಕೊಡಂಗಿಲ್ಲ."

ಆಮೇಲೆ ಅವನು ಆ ಮಾತು ಎತ್ತಲಿಲ್ಲ.

ನಿದ್ದೆಗಣ್ಣಲ್ಲಿ ನೀನೇ ಕಟ್ಟಿರಬೇಕು ಎಂದವರಿದ್ದಾರೆ. ಬೇರೆ ದಾರದಿಂದ ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆ ಹುರಿ ನನ್ನ ಕೈಯಲ್ಲಿ ನಿಲ್ಲುವುದಿಲ್ಲ. ಅವರೇ ಬಂದಿದ್ದರು ಎಂದರೂ ಒಪ್ಪುವುದಿಲ್ಲ. ಬಂದವರು ಪಕ್ಕದಲ್ಲೇ ಮಲಗಿದ್ದ ನನ್ನನ್ನು ಎಬ್ಬಿಸದೆ ಹೋಗುತ್ತಿದ್ದರೇ?