ಬೇರೆ ಬಂಡಾ ಬೇಡ ಎಂದವಳು

ಮಗಳಿರುವ ವಿದೇಶದ ಊರು ಜೂಂಡಲಪ್‌ನ ಕಣ್ಣಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಕೂತಿದ್ದ ಮಧ್ಯ ಆಫ್ರಿಕಾದ ಮುದುಕಿ ಆಪರೇಷನ್‌ಗೆ ಒಪ್ಪಲಿಲ್ಲ. ಅವರ ಕಡೆಯ ಬಂಡಾ ಭಾಷೆಯಲ್ಲಿ ಯಾರೋ ಫೋನಿನಲ್ಲಿ ವಿವರಿಸಿದರೂ ಫೋನ್ ತಳ್ಳಿಬಿಟ್ಟಳು.

ಅಲ್ಲೇ ಡಾಕ್ಟರಾಗಿರುವ ನನ್ನ ಮಗಳು ಹೇಳಿದಳು: "ಬಂಡಾ ಅಂದ್ರೆ ಒಂದೇ ಅಲ್ವಂತಮ್ಮ, ಸುಮಾರು ಥರ ಇದೆಯಂತೆ. ಈ ಅಜ್ಜಿಯದ್ದು ಬೇರೆ, ಫೋನಲ್ಲಿದ್ದವರದ್ದು ಬೇರೆ. ಅರ್ಧಂಬರ್ಧ ಅರ್ಥ ಆಗತ್ತಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ ಅಂತಿದೀವಿ."

"ಕಣ್ಣಿಗೆ ಕತ್ತಿ ಹಾಕೋವಾಗ ಅರ್ಧ ಅರ್ಥ ಆದ್ರೆ ಸಾಕೇನೇ? ನಿನ್ ಕಣ್ಣಾಗಿದ್ರೆ ಒಪ್ತಿದ್ಯಾ?"

ಮಗಳು ಎದ್ದು ಹೋದಳು. ಹುಡುಕಿ ಹುಡುಕಿ, ಅಡಿಲೇಡಿನಲ್ಲಿ ಮುದುಕಿಯದೇ ಬಂಡಾ ಆಡುವ ಹೆಂಗಸೊಬ್ಬಳನ್ನು ಫೋನಿಗೆ ಹಿಡಿದಳು. ಮುದುಕಿ ಆಪರೇಷನ್ ಮಾಡಬೇಕಿದ್ದ ದೊಡ್ಡ ಡಾಕ್ಟರನ್ನು ನಿಲ್ಲಿಸಿಕೊಂಡೇ, ಆ ಹೆಂಗಸಿನ ಮೂಲಕ ಮನಸ್ಸು ತುಂಬುವಷ್ಟು ಪ್ರಶ್ನೆ ಕೇಳಿದಳು. ಆಮೇಲೆ ಗೋಡೆ ಹಿಡಿದುಕೊಂಡು ಆಪರೇಷನ್ ಕೋಣೆಗೆ ತಾನೇ ಹೊರಟಳು. ಡಾಕ್ಟರು ಅವಳ ಹಿಂದೆ ಹೋದರು.