ಮೀಟರಿಗೆ ಕಾಣದ ಬಿಸಿ

ದಂಡೋತಿಯ ಖಂಡೆಪ್ಪ ಶಹಾಬಾದ ಹತ್ತಿರದ ಒಂದು ಕಲ್ಲು ಅರೆಯುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಟ್ರಾನ್ಸ್‌ಫಾರ್ಮರ್ ನೋಡಿಕೊಂಡಿದ್ದ. ಓದಿದ್ದು ಕಡಿಮೆ, ಆದರೆ ಅಂಗೈ ಇಟ್ಟು ಟ್ರಾನ್ಸ್‌ಫಾರ್ಮರಿನ ಎಣ್ಣೆ ತುಂಬಿದ ಪೀಪಾಯಿಯ ಬಿಸಿ ಅಳೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅವನ ಜೊತೆಗಾರ ಗುಲಾಮ ದಸ್ತಗೀರ. ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು.

ಯುದ್ಧದ ಕಾಲಕ್ಕೆ ಕಾರ್ಖಾನೆಗೆ ಆರು ಹೊಸ ಮೋಟಾರು ಬಂದವು. ಕಲ್ಲು ಸಾಲದೆ ಅವು ಅರ್ಧ ದಿನ ಖಾಲಿಯೇ ತಿರುಗುತ್ತಿದ್ದವು. ಅಂದಿನಿಂದ ಬಿಸಿಗೆ ಪೀಪಾಯಿಯ ಮೇಲೆ ಕೈ ಇಡಲಾಗಲಿಲ್ಲ. ಖಂಡೆಪ್ಪ ಹೋಗಿ ಹೇಳಿದ. ಇಂಜಿನಿಯರ್ ಸಾಹೇಬರು ಕಿಲೋವ್ಯಾಟ್ ಮೀಟರ್ ತೋರಿಸಿದರು: ಟ್ರಾನ್ಸ್‌ಫಾರ್ಮರ್ ನೂರರದ್ದು, ಮುಳ್ಳು ಎಂಬತ್ತು ದಾಟಿಲ್ಲ, ಹೆದರಿಕೆ ಯಾಕೆ?

"ಆಂಪಿಯರ್ ಮೀಟರ್ ನೋಡ್ರಿ ಸಾಹೇಬ್ರೆ, ಗೆರಿ ದಾಟ್ಯಾದ. ಖಾಲಿ ಮೋಟಾರ್ ಸುಮ್ಮ ಕರೆಂಟ್ ಎಳದು ವಾಪಸ್ ಕಳಸ್ತಾವ್ರಿ. ಅದು ಕೆಲಸದ ಲೆಕ್ಕಕ್ಕ ಬರಂಗಿಲ್ಲ. ಒಳಗಿನ ತಾಮ್ರದ ತಂತಿಗಿ ಮಾತ್ರ ಕೆಲಸದ ಕರೆಂಟು, ವಾಪಸ್ ಹೋಗೋ ಕರೆಂಟು ಎರಡೂ ಒಂದೇ, ಎರಡಕ್ಕೂ ಕಾಯ್ತದ. ಇದನ್ನ ಇಷ್ಟು ಕರೆಂಟಿಗಿ ಕಟ್ಟಿಲ್ರಿ."

ಸಾಹೇಬರು ನಕ್ಕು ಕಳುಹಿಸಿದರು. ಎರಡನೆಯ ಸಲವೂ ಹಾಗೆಯೇ.

ಮೂರನೆಯ ಸಲ ಹೊರಟದ್ದು ವೈಶಾಖದ ಮಧ್ಯಾಹ್ನ. ಹೊಗೆ ಕಂಡರೆ ಸ್ವಿಚ್ ಎಳೆದುಬಿಡು ಎಂದು ದಸ್ತಗೀರನಿಗೆ ಹೇಳಿ ಹೋದ. ಸಾಹೇಬರು ಊಟಕ್ಕೆ ಕುಳಿತಿದ್ದರು. ಖಂಡೆಪ್ಪ ವರಾಂಡದ ಬೆಂಚಿನ ಮೇಲೆ ಕಾದ. ಅಲ್ಲಿಯೇ ಪೀಪಾಯಿ ಸಿಡಿದ ಸದ್ದು ಕೇಳಿಸಿತು. ಓಡಿ ಬಂದಾಗ ಎಣ್ಣೆ ಉರಿಯುತ್ತಿತ್ತು. ದಸ್ತಗೀರ ಸ್ವಿಚ್ ಎಳೆಯಲು ಹೋಗಿದ್ದ.

ಮೂರು ದಿನ ಆಸ್ಪತ್ರೆಯಲ್ಲಿ ನರಳಿ ಅವನು ತೀರಿಕೊಂಡ. ನೌಕರನ ಅಜಾಗರೂಕತೆ ಎಂದು ವರದಿ ಬರೆದರು. ಎರಡು ತಿಂಗಳಿಗೆ ನೂರೈವತ್ತರ ದಪ್ಪ ತಂತಿಯ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಈ ಸಲ ಅಳತೆಯನ್ನು ಆಂಪಿಯರ್ ನೋಡಿಯೇ ಬರೆದಿದ್ದರು. ಖಂಡೆಪ್ಪನನ್ನು ಯಾರೂ ಏನೂ ಕೇಳಲಿಲ್ಲ.

ಕೇಳಿದವಳು ದಸ್ತಗೀರನ ಹೆಂಡತಿ ನಜಮುನ್ನೀಸಾ ಒಬ್ಬಳೇ. ನಾಲವಾರದ ತವರಿಗೆ ಹೊರಟವಳು ಸ್ಟೇಷನ್ನಿನಲ್ಲಿ ಗಂಟಿನ ಮೇಲೆ ಕುಳಿತಿದ್ದಳು. ಖಂಡೆಪ್ಪ ಗಾಡಿ ಹತ್ತಿಸಲು ಬಂದಿದ್ದ.

"ಖಂಡೆಪ್ಪಣ್ಣ, ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವ."

"ಮತ್ತ ಅವರನ್ನ ಯಾಕ ಅಲ್ಲಿ ನಿಲ್ಸಿ ಹೋದ್ರಿ?"

ಗಾಡಿ ಬಂತು. ಖಂಡೆಪ್ಪ ಗಂಟನ್ನು ಒಳಗಿಟ್ಟು ಇಳಿದ. ಆಕೆ ಕಿಟಕಿಯ ಕಡೆ ತಿರುಗಲಿಲ್ಲ.